ಮಾಸ್ಟೆಕ್ಟಮಿ ನಂತರ ಸ್ತನ ಮರುರಚನೆ: ಇಂಪ್ಲಾಂಟೋ, ಹೊಟ್ಟೆಯ ಫ್ಲಾಪೋ?

ತುಂಗಾತೀರ:
ಅಕ್ಕನಿಗೆ 44 ವರ್ಷ. ಎಡ ಸ್ತನದಲ್ಲಿ ಕ್ಯಾನ್ಸರ್, ಕಂಕುಳಿನ ಗಂಟುಗಳಿಗೂ ಹಬ್ಬಿದೆ. ಕೀಮೋ ಮುಗಿಯುತ್ತಾ ಬಂತು. ಮುಂದೆ ಮಾಸ್ಟೆಕ್ಟಮಿ (ಸ್ತನ ತೆಗೆಯುವ ಆಪರೇಷನ್), ಆಮೇಲೆ ರೇಡಿಯೇಷನ್ ಕೊಡಲೇಬೇಕು ಅಂದಿದ್ದಾರೆ. ಮರುರಚನೆಗೆ ಇಂಪ್ಲಾಂಟ್ (ಸ್ತನದ ಆಕಾರದ ಕೃತಕ ಚೀಲ) ಇಡಬಹುದು ಅಥವಾ ಹೊಟ್ಟೆಯ ಕೊಬ್ಬಿನಿಂದ ಮಾಡಬಹುದು, ಯೋಚಿಸಿ ಬನ್ನಿ ಎಂದರು. ಎರಡು ಸಿಸೇರಿಯನ್ ಆಗಿದೆ, ಶುಗರ್ ಇದೆ. ಯಾವುದು ಸರಿ? ವಿಮೆ ಸಿಗುತ್ತಾ?

ಪ್ಲಾಸ್ಟಿಕ್‌ಸರ್ಜನ್_ಹುಬ್ಬಳ್ಳಿ:
ರೇಡಿಯೇಷನ್ ಖಚಿತ ಅಂದಮೇಲೆ ಲೆಕ್ಕ ಅಲ್ಲಿಂದಲೇ ಶುರುವಾಗಬೇಕು. ಯಾವ ಇಂಪ್ಲಾಂಟ್ ಇಟ್ಟರೂ ದೇಹ ಅದರ ಸುತ್ತ ಒಂದು ತೆಳು ಪೊರೆ ಕಟ್ಟುತ್ತದೆ. ರೇಡಿಯೇಷನ್ ಬಿದ್ದರೆ ಆ ಪೊರೆ ದಪ್ಪವಾಗಿ ಬಿಗಿಯುವ ಸಾಧ್ಯತೆ ಹೆಚ್ಚು. ಆಗ ಸ್ತನ ಗಟ್ಟಿಯಾಗಿ ಮೇಲಕ್ಕೆ ಸರಿಯುತ್ತದೆ, ನೋವೂ ಇರುತ್ತದೆ. ಚರ್ಮದ ಸಣ್ಣ ರಕ್ತನಾಳಗಳೂ ಹಾಳಾಗುವುದರಿಂದ ಗಾಯ ಬೇಗ ಮಾಗುವುದಿಲ್ಲ. ಸೋಂಕಾಗಿ ಇಂಪ್ಲಾಂಟ್ ತೆಗೆಯಬೇಕಾಗಿ ಬರುವುದೂ ಇಂಥವರಲ್ಲೇ ಹೆಚ್ಚು, ಶುಗರ್ ಇದ್ದರೆ ಇನ್ನಷ್ಟು.

ಹಾಗಾಗಿ ನಿಮ್ಮಕ್ಕನ ವಿಷಯದಲ್ಲಿ ನನ್ನ ಒಲವು ತಡವಾಗಿ ಮಾಡುವ ಫ್ಲಾಪ್ (ದೇಹದ ಬೇರೆ ಭಾಗದ ಅಂಗಾಂಶದಿಂದ ಸ್ತನ ಕಟ್ಟುವುದು) ಕಡೆಗೆ. ಮೊದಲು ಮಾಸ್ಟೆಕ್ಟಮಿ, ರೇಡಿಯೇಷನ್ ಮುಗಿಯಲಿ. ಚರ್ಮ ಮೆತ್ತಗಾಗಲು ಆರು ತಿಂಗಳಿಂದ ಒಂದು ವರ್ಷ ಬಿಡಿ. ಆಮೇಲೆ ಡಿಐಇಪಿ ಫ್ಲಾಪ್. ಹೊಕ್ಕುಳ ಕೆಳಗಿನ ಚರ್ಮ, ಕೊಬ್ಬು ಮತ್ತು ಅದಕ್ಕೆ ರಕ್ತ ಕೊಡುವ ನಾಳವನ್ನು ಬಿಡಿಸಿಕೊಂಡು ಎದೆಗೆ ತರುತ್ತಾರೆ. ಪಕ್ಕೆಲುಬಿನ ಹಿಂದಿರುವ, ಎರಡು-ಮೂರು ಮಿಲಿಮೀಟರ್ ಅಗಲದ ನಾಳಗಳಿಗೆ ಮೈಕ್ರೋಸ್ಕೋಪಿನಡಿ ಜೋಡಿಸುತ್ತಾರೆ. ಆರೆಂಟು ಗಂಟೆಯ ಆಪರೇಷನ್. ಹೊಟ್ಟೆಯ ಸ್ನಾಯು ಅಲ್ಲೇ ಉಳಿಯುತ್ತದೆ. ಹಳೆಯ ಟ್ರಾಮ್ ಫ್ಲಾಪ್‌ನಲ್ಲಿ ಸ್ನಾಯುವನ್ನೂ ತೆಗೆಯುವುದರಿಂದ ಹರ್ನಿಯಾ, ಹೊಟ್ಟೆ ಉಬ್ಬುವುದು ಹೆಚ್ಚು. ನಿಮ್ಮ ಆಸ್ಪತ್ರೆಯಲ್ಲಿ ಮಾಡುವುದು ಯಾವುದು ಅಂತ ಹೆಸರು ಹಿಡಿದೇ ಕೇಳಿ.

ಅಡ್ಡ ಗೆರೆಯ ಸಿಸೇರಿಯನ್ ಗುರುತು ಸಾಮಾನ್ಯವಾಗಿ ಅಡ್ಡಿಯಲ್ಲ. ಆಪರೇಷನ್‌ಗೆ ಮುಂಚೆ ಹೊಟ್ಟೆಯ ಸಿಟಿ ಆಂಜಿಯೋಗ್ರಾಮ್ ಮಾಡಿದರೆ ಯಾವ ನಾಳ ಚೆನ್ನಾಗಿದೆ ಎಂದು ಗೊತ್ತಾಗುತ್ತದೆ. ಹೊಟ್ಟೆ ಕರಗಿಸುವ ಟಮ್ಮಿ ಟಕ್ ಆಗಿದ್ದರೆ ಮಾತ್ರ ಈ ದಾರಿ ಮುಚ್ಚಿದಂತೆ. ಟ್ಯಾಮೋಕ್ಸಿಫೆನ್ (ಸ್ತನ ಕ್ಯಾನ್ಸರ್‌ಗೆ ಕೊಡುವ ಹಾರ್ಮೋನ್ ತಡೆ ಮಾತ್ರೆ) ಶುರುವಾಗಿದ್ದರೆ ಮರೆಯದೆ ತಿಳಿಸಿ. ಅದು ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುವುದರಿಂದ ಕೆಲವು ವಾರ ಮೊದಲೇ ನಿಲ್ಲಿಸಬೇಕೇ ಎಂದು ಆಂಕಾಲಜಿಸ್ಟ್ ತೀರ್ಮಾನಿಸುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ.

ವಾರ್ಡ್‌ಸಿಸ್ಟರ್:
ಡಾಕ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಫ್ಲಾಪ್ ಉಳಿಯುವುದೋ ಹೋಗುವುದೋ ಬಹುಮಟ್ಟಿಗೆ ಮೊದಲ ಎರಡು ದಿನದಲ್ಲಿ ತೀರ್ಮಾನವಾಗುತ್ತದೆ. ಮೊದಲ ದಿನವಂತೂ ಗಂಟೆಗೊಮ್ಮೆ ನೋಡಲೇಬೇಕು: ಬಣ್ಣ, ಬಿಸಿ, ಬೆರಳಿಂದ ಒತ್ತಿ ಬಿಟ್ಟಾಗ ಬಣ್ಣ ಮರಳುವ ವೇಗ, ಡಾಪ್ಲರ್ (ನಾಳದಲ್ಲಿ ರಕ್ತ ಹರಿಯುವುದನ್ನು ಕೇಳಿಸುವ ಯಂತ್ರ) ಸದ್ದು. ಫ್ಲಾಪ್ ಬಿಳಿಚಿ ತಣ್ಣಗಾದರೆ ರಕ್ತ ಒಳಗೆ ಬರುತ್ತಿಲ್ಲ. ನೀಲಿಗಟ್ಟಿ ಊದಿಕೊಂಡು, ಒತ್ತಿ ಬಿಟ್ಟ ಕೂಡಲೇ ಬಣ್ಣ ಬಂದರೆ ರಕ್ತ ಹೊರಗೆ ಹೋಗುತ್ತಿಲ್ಲ, ಅಭಿಧಮನಿ ಕಟ್ಟಿಕೊಂಡಿದೆ. ಎರಡರಲ್ಲೂ ಬೆಳಗಾಗಲಿ ಎಂದು ಕಾಯುವಂತಿಲ್ಲ, ತಕ್ಷಣ ಆಪರೇಷನ್ ಥಿಯೇಟರಿಗೆ ಒಯ್ಯಬೇಕು. ಆದ್ದರಿಂದ ರಾತ್ರಿ ಪಾಳಿಯಲ್ಲಿ ಯಾರು ನೋಡುತ್ತಾರೆ, ಮಧ್ಯರಾತ್ರಿ ಮೈಕ್ರೋಸರ್ಜರಿ ತಂಡ ಸಿಗುತ್ತದೆಯೇ ಎಂದು ಆಸ್ಪತ್ರೆ ಆರಿಸುವಾಗಲೇ ಕೇಳಿ.

ಡ್ರೈನ್ (ಗಾಯದ ನೀರು ಹೊರಗೆ ಬರುವ ನಳಿಕೆ) ಹಾಕಿ ಮನೆಗೆ ಕಳಿಸಿದರೆ ದಿನದ ಅಳತೆ ಬರೆದಿಡಿ. 24 ಗಂಟೆಗೆ 30 ಮಿಲಿಗಿಂತ ಕಡಿಮೆ, ಅದೂ ಸತತ ಎರಡು ದಿನ ಬಂದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ಅವಸರಪಟ್ಟು ತೆಗೆಸಿದರೆ ಒಳಗೆ ನೀರು ತುಂಬಿಕೊಳ್ಳುತ್ತದೆ.

ತುಂಗಾತೀರ:
ಅಷ್ಟು ದೊಡ್ಡ ಆಪರೇಷನ್‌ಗೆ ಅಕ್ಕ ಹೆದರುತ್ತಿದ್ದಾಳೆ ಸರ್. ಬೇರೆ ದಾರಿ ಇಲ್ಲವೇ?

ಪ್ಲಾಸ್ಟಿಕ್‌ಸರ್ಜನ್_ಹುಬ್ಬಳ್ಳಿ:
ಇದೆ. ಬೆನ್ನಿನ ಸ್ನಾಯುವನ್ನು ಕಂಕುಳಿನಡಿಯಿಂದ ಮುಂದಕ್ಕೆ ತಿರುಗಿಸುವ ಎಲ್‌ಡಿ ಫ್ಲಾಪ್‌ನಲ್ಲಿ ನಾಳ ಕತ್ತರಿಸಿ ಜೋಡಿಸುವ ಕೆಲಸವಿಲ್ಲ, ಸಮಯವೂ ಕಡಿಮೆ. ಆದರೆ ಗಾತ್ರ ಸಾಲದೆ ಎಷ್ಟೋ ಸಲ ಇಂಪ್ಲಾಂಟೂ ಬೇಕಾಗುತ್ತದೆ, ಬೆನ್ನಲ್ಲಿ ನೀರು ಸೇರುವುದು ಸಾಮಾನ್ಯ. ಇಂಪ್ಲಾಂಟನ್ನೇ ಆರಿಸಿದರೆ ಅದು ಜೀವಮಾನಪೂರ್ತಿ ಬಾಳುವ ವಸ್ತುವಲ್ಲ ಎಂಬುದು ಗೊತ್ತಿರಲಿ. ಸಿಲಿಕೋನ್ ಒಳಗೇ ಒಡೆದರೆ ಹೊರಗೆ ತಿಳಿಯುವುದಿಲ್ಲ, ಹಾಗಾಗಿ 5-6 ವರ್ಷಕ್ಕೆ ಮೊದಲ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ, ಆಮೇಲೆ 2-3 ವರ್ಷಕ್ಕೊಮ್ಮೆ ಮಾಡಿಸಬೇಕು. ಮೇಲ್ಮೈ ನುಣುಪಾಗಿರುವುದನ್ನೇ ಕೇಳಿ. ಒರಟು ಮೇಲ್ಮೈಯವುಗಳಿಗೂ ಒಂದು ಅಪರೂಪದ ಲಿಂಫೋಮಾಗೂ (ಒಂದು ಬಗೆಯ ಕ್ಯಾನ್ಸರ್) ನಂಟು ಕಂಡಿದ್ದರಿಂದ 2019ರಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು.

ಮರುರಚನೆಯೇ ಬೇಡ, ಎದೆ ಸಮತಟ್ಟಾಗಿ ನೀಟಾಗಿ ಹೊಲಿದರೆ ಸಾಕು ಅನ್ನುವುದೂ ಪೂರ್ಣ ಸರಿಯಾದ ಆಯ್ಕೆ. ಅದನ್ನು ಮಾಸ್ಟೆಕ್ಟಮಿಗೆ ಮೊದಲೇ ಹೇಳಬೇಕು, ಇಲ್ಲದಿದ್ದರೆ ಕಂಕುಳ ಬಳಿ ಚರ್ಮ ಮಡಿಕೆಯಾಗಿ ಉಳಿದು ಬ್ರಾ ಉಜ್ಜುತ್ತದೆ.

ಕ್ಲೇಮ್‌ಡೆಸ್ಕ್:
ವಿಮೆಯ ಬಗ್ಗೆ: ಪಾಲಿಸಿಯಲ್ಲಿ ಎಕ್ಸ್‌ಕ್ಲೂಷನ್ (ಹಣ ಕೊಡದ ಚಿಕಿತ್ಸೆಗಳ ಪಟ್ಟಿ) 08 ಓದಿ. ಕಾಸ್ಮೆಟಿಕ್, ಪ್ಲಾಸ್ಟಿಕ್ ಸರ್ಜರಿಗೆ ಹಣ ಇಲ್ಲ ಎನ್ನುವ ಅದೇ ವಾಕ್ಯದಲ್ಲಿ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುರಚನೆಗೆ ವಿನಾಯಿತಿ ಇದೆ. ಪ್ರೀ-ಆಥ್ (ಚಿಕಿತ್ಸೆಗೆ ಮೊದಲೇ ವಿಮೆಯ ಒಪ್ಪಿಗೆ ಕೇಳುವ) ಅರ್ಜಿಯಲ್ಲಿ ಬರೀ 'ಪ್ಲಾಸ್ಟಿಕ್ ಸರ್ಜರಿ' ಎಂದು ಬರೆದರೆ ತಿರಸ್ಕಾರವಾಗುವ ಸಂಭವ ಹೆಚ್ಚು. 'ಕ್ಯಾನ್ಸರ್ ಮಾಸ್ಟೆಕ್ಟಮಿ ನಂತರದ ಮರುರಚನೆ' ಎಂದೇ ಬರೆಸಿ, ಬಯಾಪ್ಸಿ ವರದಿ, ಮಾಸ್ಟೆಕ್ಟಮಿಯ ಡಿಸ್ಚಾರ್ಜ್ ಸಮ್ಮರಿ ಲಗತ್ತಿಸಿ. ಬಲ ಸ್ತನವನ್ನು ಸಮ ಮಾಡುವ ರಿಡಕ್ಷನ್‌ಗೆ (ಗಾತ್ರ ಕಡಿಮೆ ಮಾಡುವ ಆಪರೇಷನ್) ಪ್ರಶ್ನೆ ಎತ್ತಬಹುದು, ಅದಕ್ಕೆ ಸರ್ಜನ್ನರಿಂದ ಪ್ರತ್ಯೇಕ ಪತ್ರ ಬೇಕು.