ಸೆಂಚೂರಿಯನ್ ಐಡ್ಲರ್ ಆಕ್ಸಲ್ ತಾನಾಗಿ ಮುರಿಯುತ್ತಿದೆ, ಯಾರಾದ್ರೂ ಕಾರಣ ಹೇಳಿ

ಪ್ರೈಮರ್_ಪಾಪಣ್ಣ:
ತಲೆ ಕೆಟ್ಟುಹೋಗಿದೆ. 1/35 ಅಳತೆಯ ಪ್ಲಾಸ್ಟಿಕ್ ಮಾಡೆಲ್ ಕಿಟ್, ಸೆಂಚೂರಿಯನ್ ಟ್ಯಾಂಕ್. 1971ರ ಭಾರತ-ಪಾಕ್ ಯುದ್ಧದಲ್ಲಿ ಬಸಂತರ್ ಕದನದ 'ಫಾಮಾಗುಸ್ತಾ', ಅರುಣ್ ಖೇತರ್‌ಪಾಲ್ ಅವರ ಟ್ಯಾಂಕ್ ಮಾಡುತ್ತಿದ್ದೇನೆ. ಬಣ್ಣ, ಡೆಕಾಲ್ (ಗುರುತಿನ ಸ್ಟಿಕರ್) ಎಲ್ಲ ಮುಗಿಸಿ ರಾತ್ರಿ ಶೋಕೇಸ್‌ನಲ್ಲಿ ಇಟ್ಟೆ. ಬೆಳಿಗ್ಗೆ ನೋಡಿದರೆ ಎಡಗಡೆ ಐಡ್ಲರ್ ಚಕ್ರ (ಟ್ರ್ಯಾಕ್ ತಿರುಗುವ ತುದಿಯ ಚಕ್ರ) ಕೆಳಗೆ ಬಿದ್ದಿದೆ, ಟ್ರ್ಯಾಕ್ ಜೋತಾಡುತ್ತಿದೆ. ಯಾರೂ ಮುಟ್ಟಿಲ್ಲ. ಅಂಟಿಸಿದೆ. ಈಗ ಬಲಗಡೆಯದೂ ಹೋಯಿತು. ಹಿಂದಿನ ಬೋಗಿಯ (ಚಕ್ರಗಳ ಜೋಡಿಯ) ತೋಳಿನಲ್ಲೂ ಸಣ್ಣ ಬಿರುಕು. ದುಡ್ಡು ಕೊಟ್ಟು ಇಂಥ ಪ್ಲಾಸ್ಟಿಕ್ ತರಿಸಿಕೊಳ್ಳಬೇಕಾ?

ಕುಡ್ಲ_ಕಿಟ್:
ಯಾವ ಕಿಟ್ ಮಾರಾಯ್ರೆ? ಟ್ರ್ಯಾಕ್ ವಿನೈಲಾ, ಲಿಂಕ್ ಲಿಂಕ್ ಜೋಡಿಸುವುದಾ? ಅಂಟು ಯಾವುದು? ಫೋಟೋ ಹಾಕಿ. ಕಣಿ ಹೇಳಲಿಕ್ಕೆ ನಾವೇನು ಜೋಯಿಸರಾ?

ಪ್ರೈಮರ್_ಪಾಪಣ್ಣ:
ಅದೇ ಕಿಟ್, ಹೋದ ತಿಂಗಳು ಬಾಕ್ಸ್ ಫೋಟೋ ಹಾಕಿದ್ದೆನಲ್ಲ. ಅಂಟು ಮಾಮೂಲಿ. ಟ್ರ್ಯಾಕ್ ಕಪ್ಪು ರಬ್ಬರ್ ಥರದ್ದು.

ಹಳೇಹುಲಿ_ಮೈಸೂರು:
ರಬ್ಬರ್ ಥರದ್ದು ಅಂದಿರಲ್ಲ, ಕಳ್ಳ ಅಲ್ಲೇ ಇದ್ದಾನೆ. ವಿನೈಲ್ ಮೆತ್ತಗಿರಲಿ ಅಂತ ಅದಕ್ಕೆ ಪ್ಲಾಸ್ಟಿಸೈಸರ್ ಸೇರಿಸಿರುತ್ತಾರೆ. ಕಾಲ ಕಳೆದಂತೆ ಅದು ಜಿನುಗಿ ಕಿಟ್ಟಿನ ಗಟ್ಟಿ ಪ್ಲಾಸ್ಟಿಕ್ಕನ್ನು, ಅಂದರೆ ಪಾಲಿಸ್ಟೈರೀನನ್ನು ತಿನ್ನುತ್ತದೆ. ನನ್ನ ಹಳೇ ಜೀಪ್ ಮಾಡೆಲ್‌ನಲ್ಲಿ ಟೈರು ರಿಮ್ಮನ್ನೇ ಕರಗಿಸಿತ್ತು. ಟ್ರ್ಯಾಕ್ ಬಿಸಾಕಿ, ಲಿಂಕ್ ಟ್ರ್ಯಾಕ್ ಹಾಕಿ. ಮುಗಿಯಿತು.

ಗದಗ_ಗೇರ್:
ಮೈಸೂರಿನ ಸರ್ ಎಲ್ಲದಕ್ಕೂ ವಿನೈಲ್ ಅಂತಾರೆ. ಪಾಪಣ್ಣ ಅವರೇ, ಶೋಕೇಸ್‌ಗೆ ಬಿಸಿಲು ಬೀಳುತ್ತದೇನ್ರೀ? ನಮ್ಮ ಕಡೆ ಏಪ್ರಿಲ್‌ನಲ್ಲಿ ಕಿಟಕಿ ಹತ್ತಿರ ಇಟ್ಟ ಬ್ಯಾರೆಲ್ಲೇ ಬಾಗುತ್ತದೆ.
ಇನ್ನೊಂದು ವಿಷಯ, ಹಳೇ ಫೋಟೋದಲ್ಲಿ ನಿಮ್ಮ ಬ್ಯಾರೆಲ್ ನಡುವೆ ಉಬ್ಬು ಕಂಡಿತು. ಅದು 105 ಎಂ.ಎಂ. ಗನ್ ಅಲ್ವಾ? ಅವರ ರೆಜಿಮೆಂಟ್ ಪೂನಾ ಹಾರ್ಸ್ ಹತ್ತಿರ ಇದ್ದದ್ದು ಅದಕ್ಕಿಂತ ಚಿಕ್ಕ 20 ಪೌಂಡರ್ ಗನ್ ಇರಬಹುದಾ?

ಪ್ರೈಮರ್_ಪಾಪಣ್ಣ:
ಬಿಸಿಲಿಲ್ಲ. ಬ್ಯಾರೆಲ್ ಬಗ್ಗೆ ನಾನು ಕೇಳಿದೆನಾ?

ಕುಡ್ಲ_ಕಿಟ್:
ಉಬ್ಬು ಅಂದರೆ ಗನ್ನಿನ ಹೊಗೆ ಹೊರಹಾಕುವ ಫ್ಯೂಮ್ ಎಕ್ಸ್‌ಟ್ರಾಕ್ಟರ್. ಮೊದಲಿನ 20 ಪೌಂಡರ್‌ಗೆ ಅದು ಇರಲಿಲ್ಲ, ಆಮೇಲಿನದ್ದಕ್ಕೆ ಬಂತು. 105ಕ್ಕೂ ಇದೆ. ಹಾಗಾಗಿ ಉಬ್ಬು ನೋಡಿ ಗನ್ ಹೇಳಲಿಕ್ಕೆ ಆಗುವುದಿಲ್ಲ. ಬ್ಯಾರೆಲ್ ಬಾಯಿ ಅಳೆಯಿರಿ. 20 ಪೌಂಡರ್ ಅಂದರೆ 84 ಎಂ.ಎಂ., 35ರಿಂದ ಭಾಗಿಸಿದರೆ 2.4. 105 ಆದರೆ ಸರಿಯಾಗಿ 3. ಡ್ರಿಲ್ ಬಿಟ್ ತೂರಿಸಿದರೆ ಗೊತ್ತಾಗುತ್ತದೆ.

ಹಳೇಹುಲಿ_ಮೈಸೂರು:
ಗನ್ ಇರಲಿ, ಆ ಹಸಿರೂ ತಪ್ಪು. ನಮ್ಮವರದ್ದು ಇನ್ನೂ ಗಾಢ.

ಗದಗ_ಗೇರ್:
1971ರ ಕಪ್ಪು ಬಿಳುಪು ಫೋಟೋದಲ್ಲಿ ಹಸಿರು ಎಷ್ಟು ಗಾಢ ಅಂತ ನಿಮಗೊಬ್ಬರಿಗೇ ಕಾಣುತ್ತದೆ ಸರ್.

ಹಳೇಹುಲಿ_ಮೈಸೂರು:
ಶಿರಡಿಗೆ ಹೋಗುವಾಗ ಅಹಿಲ್ಯಾನಗರದಲ್ಲಿ (ಹಿಂದಿನ ಅಹ್ಮದ್‌ನಗರ) ಇಳಿದು ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ನೋಡಿ, ಆಮೇಲೆ ಮಾತಾಡಿ.

ಗದಗ_ಗೇರ್:
ನೋಡಿದ್ದೇನೆ. ಅಲ್ಲಿ ಕಾಣುವುದು ಮತ್ತೆ ಮತ್ತೆ ಬಳಿದ ಬಣ್ಣ, ಯುದ್ಧದಲ್ಲಿದ್ದ ಬಣ್ಣ ಅಲ್ಲ.

ಸ್ಪ್ರೂ_ಶಿವಮೊಗ್ಗ:
ಬಣ್ಣದ ಜಗಳ ಆಮೇಲೆ. ಪಾಪಣ್ಣ ಅವರೇ, ಮುರಿದ ಮುಖವನ್ನು ಲೆನ್ಸ್‌ನಲ್ಲಿ ನೋಡಿ. ಗಾಜು ಒಡೆದ ಹಾಗೆ ನುಣ್ಣಗೆ ಹೊಳೆಯುತ್ತಿದೆಯಾ? ಬೆಳ್ಳಗಾಗಿ ಬಾಗಿದೆಯಾ? ಅಂಟಂಟಾಗಿದೆಯಾ? ಇನ್ನೊಂದು, ಡೆಕಾಲ್ ಆದ ಮೇಲೆ ವಾಶ್ (ತೆಳ್ಳಗಿನ ಬಣ್ಣ ಹರಿಸುವುದು) ಕೊಟ್ಟಿರಾ?

ಪ್ರೈಮರ್_ಪಾಪಣ್ಣ:
ನುಣ್ಣಗೆ ಹೊಳೆಯುತ್ತಿದೆ. ವಾಶ್ ಕೊಡದೆ ಯಾರಾದರೂ ಟ್ಯಾಂಕ್ ಮುಗಿಸುತ್ತಾರಾ? ಎನಾಮಲ್ ಕಂದು, ಪೇಂಟ್ ಅಂಗಡಿಯ ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಮಾಡಿದ್ದು. ಕೆಳಗಡೆ ಮಣ್ಣು ಹಿಡಿದ ಹಾಗೆ ಕಾಣಲಿ ಅಂತ ಚೆನ್ನಾಗಿ ಹರಿಸಿದೆ. ಟ್ರ್ಯಾಕ್ ಸ್ವಲ್ಪ ಗಿಡ್ಡ ಇತ್ತು, ಎಳೆದು ಹಾಕಿದೆ. ಇದೆಲ್ಲ ಎಲ್ಲರೂ ಮಾಡುವುದೇ ತಾನೇ?

ಸ್ಪ್ರೂ_ಶಿವಮೊಗ್ಗ:
ಇದನ್ನು ಮೊದಲೇ ಹೇಳಿದ್ದರೆ ಇಷ್ಟು ಓಡಾಟ ಇರುತ್ತಿರಲಿಲ್ಲ. ಸೆಂಚೂರಿಯನ್‌ಗೆ ಐಡ್ಲರ್ ಮುಂದೆ, ಟ್ರ್ಯಾಕ್ ಓಡಿಸುವ ಹಲ್ಲಿನ ಚಕ್ರ ಸ್ಪ್ರಾಕೆಟ್ ಹಿಂದೆ. ಗಿಡ್ಡ ಟ್ರ್ಯಾಕ್ ಐಡ್ಲರನ್ನು ಹಗಲೂ ರಾತ್ರಿ ಹಿಂದಕ್ಕೆ ಎಳೆಯುತ್ತಿದೆ. ಎಳೆತದಲ್ಲಿರುವ ಪಾಲಿಸ್ಟೈರೀನ್‌ಗೆ ಟರ್ಪೆಂಟೈನ್ ಸೋಕಿದರೆ ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ. ಆ ಬಿರುಕೇ ಥಿನ್ನರನ್ನು ಒಳಗೆ ಹೀರಿಕೊಳ್ಳುತ್ತದೆ, ಇನ್ನೂ ಉದ್ದವಾಗುತ್ತದೆ, ಕೊನೆಗೆ ಪಟ್ ಅಂತ ಹೋಗುತ್ತದೆ. ಅದೇ ವಾಶ್ ಟರೆಟ್ ಮೇಲೂ ಇದೆ, ಅಲ್ಲಿ ಏನೂ ಆಗಿಲ್ಲ ಅಲ್ವಾ? ಯಾಕೆಂದರೆ ಅಲ್ಲಿ ಎಳೆತ ಇಲ್ಲ.
ನಿಮ್ಮ ಬೋಗಿಯಲ್ಲಿ ಲೋಹದ ಸ್ಪ್ರಿಂಗ್ ಇದೆಯಾ? ಇದ್ದರೆ ಆ ತೋಳಿನ ಕಥೆಯೂ ಇದೇ. ಹಾರ್ಸ್ಟ್‌ಮನ್ ಸಸ್ಪೆನ್ಷನ್, ಸ್ಪ್ರಿಂಗ್ ತೋಳುಗಳನ್ನು ಸದಾ ತಳ್ಳುತ್ತಿರುತ್ತದೆ.

ಹಳೇಹುಲಿ_ಮೈಸೂರು:
ಮೂವತ್ತು ವರ್ಷದಿಂದ ಟರ್ಪೆಂಟೈನ್ ಬಳಸುತ್ತಿದ್ದೇನೆ. ಏನೂ ಆಗಿಲ್ಲ. ವಿನೈಲೇ ಇದು.

ಸ್ಪ್ರೂ_ಶಿವಮೊಗ್ಗ:
ವಿನೈಲ್ ತಿಂದಿದ್ದರೆ ಅದು ಮುಟ್ಟಿದ ಜಾಗ ಕರಗಿ ಅಂಟಂಟಾಗಬೇಕು ಸರ್. ಟ್ರ್ಯಾಕ್ ಮುಟ್ಟುವುದು ಚಕ್ರದ ಅಂಚನ್ನು. ಮುರಿದಿರುವುದು ಒಳಗಿನ ಆಕ್ಸಲ್.
ಪಾಪಣ್ಣ ಅವರೇ, ಸುಮ್ನೆ ನಂಬಬೇಡಿ. ಅದೇ ಕಿಟ್‌ನ ಸ್ಪ್ರೂನಿಂದ (ಬಿಡಿಭಾಗ ಹಿಡಿದಿರುವ ಚೌಕಟ್ಟಿನಿಂದ) ಎರಡು ಕಡ್ಡಿ ಕತ್ತರಿಸಿ. ಒಂದನ್ನು ಬಿಲ್ಲಿನ ಹಾಗೆ ಬಾಗಿಸಿ ಬಟ್ಟೆ ಕ್ಲಿಪ್‌ನಲ್ಲಿ ಹಿಡಿಸಿ, ಇನ್ನೊಂದನ್ನು ಹಾಗೇ ಇಡಿ. ಎರಡಕ್ಕೂ ಅದೇ ಟರ್ಪೆಂಟೈನ್ ಹಚ್ಚಿ ಕಾಯಿರಿ.

ಗದಗ_ಗೇರ್:
ಅಷ್ಟೆಲ್ಲ ಯಾಕ್ರೀ? ಸೆಂಚೂರಿಯನ್‌ಗೆ ಸೈಡ್ ಸ್ಕರ್ಟ್ ಇದೆ. ಅಂಟಿಸಿ ಮುಚ್ಚಿಬಿಡಿ, ಯಾರು ನೋಡುತ್ತಾರೆ?

ಕುಡ್ಲ_ಕಿಟ್:
ಸ್ಕರ್ಟ್ ಮುಚ್ಚುವುದು ಟ್ರ್ಯಾಕಿನ ಮೇಲಿನ ಸಾಲನ್ನು. ಐಡ್ಲರ್ ಮುಂದೆ ಹೊರಗೇ ಕಾಣುತ್ತದೆ. ಆದರೆ ಒಂದು ಉಪಕಾರ ಇದೆ. ಮೇಲಿನ ಸಾಲಿನಲ್ಲಿ ಟ್ರ್ಯಾಕ್ ಕತ್ತರಿಸಿ ಸ್ವಲ್ಪ ಗ್ಯಾಪ್ ಬಿಟ್ಟು, ಎರಡೂ ತುದಿಯನ್ನು ರೋಲರ್‌ಗೆ ಫೆವಿಕ್ವಿಕ್‌ನಲ್ಲಿ ಅಂಟಿಸಿದರೆ ಎಳೆತ ಹೋಗುತ್ತದೆ, ಗ್ಯಾಪ್ ಸ್ಕರ್ಟ್ ಹಿಂದೆ ಅಡಗುತ್ತದೆ. ಅಂದ ಹಾಗೆ ನಾನು ಈಗ ಹಳೇ ಫ್ರಿಜ್ ಕಂಪ್ರೆಸರ್‌ನಿಂದಲೇ ಬಣ್ಣ ಸಿಂಪಡಿಸುವ ಏರ್‌ಬ್ರಶ್ ನಡೆಸುತ್ತಿದ್ದೇನೆ. ಸದ್ದೇ ಇಲ್ಲ, ರಾತ್ರಿ ಹನ್ನೆರಡಕ್ಕೂ ಹೊಡೆಯಬಹುದು.

ಹಳೇಹುಲಿ_ಮೈಸೂರು:
ನನ್ನ ಕಂಪ್ರೆಸರ್ ಎರಡು ಸಿಲಿಂಡರ್‌ನದ್ದು, ಗಾಳಿ ಟ್ಯಾಂಕ್ ಸಮೇತ. ಫ್ರಿಜ್ ಕಂಪ್ರೆಸರ್ ಎಣ್ಣೆ ಉಗುಳುತ್ತದೆ.

ಕುಡ್ಲ_ಕಿಟ್:
ಫಿಲ್ಟರ್ ಹಾಕಿದರೆ ಎಲ್ಲಿ ಉಗುಳುತ್ತದೆ?

ಪ್ರೈಮರ್_ಪಾಪಣ್ಣ:
ಕಡ್ಡಿ ಪರೀಕ್ಷೆ ಮಾಡಿದೆ. ಬಾಗಿಸಿದ್ದು ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಎರಡು ತುಂಡಾಗಿ ಮೇಜಿನ ಮೇಲಿತ್ತು. ನೆಟ್ಟಗಿದ್ದದ್ದು ಹಾಗೇ ಇದೆ, ಕೈಯಲ್ಲಿ ಬಾಗಿಸಿದರೂ ಗಟ್ಟಿ. ಹೌದು, ಬೋಗಿಯಲ್ಲಿ ಸ್ಪ್ರಿಂಗ್ ಇದೆ. ಆದರೆ ಡಬ್ಬಿ ಮೇಲೆ ಇದನ್ನು ಯಾರೂ ಬರೆಯುವುದಿಲ್ಲವಲ್ಲ! ಈಗ ರಿಪೇರಿ ಹೇಗೆ?

ಸ್ಪ್ರೂ_ಶಿವಮೊಗ್ಗ:
ಮುರಿದ ಆಕ್ಸಲ್‌ನ ಎರಡೂ ತುಂಡಿಗೆ ಸಣ್ಣ ಕೈ ಡ್ರಿಲ್, ಅಂದರೆ ಪಿನ್ ವೈಸ್‌ನಲ್ಲಿ 1 ಎಂ.ಎಂ. ತೂತು ಕೊರೆಯಿರಿ. ನಡುವೆ ಹಿತ್ತಾಳೆ ತಂತಿ ಹಾಕಿ. ಇಲ್ಲದಿದ್ದರೆ ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ ಹಾಕಿ ಫೆವಿಕ್ವಿಕ್ ಬಿಡಿ. ಬೋಗಿಯ ಸ್ಪ್ರಿಂಗ್ ತೆಗೆದು ತೋಳನ್ನು ಇದ್ದ ಜಾಗದಲ್ಲೇ ಅಂಟಿಸಿ. ಮುಂದಿನ ಸಲ ವಾಶ್ ಮೊದಲು, ಟ್ರ್ಯಾಕ್ ಆಮೇಲೆ. ವಾಶ್‌ಗೂ ಮುಂಚೆ ಹೊಳಪಿನ ಅಕ್ರಿಲಿಕ್ ವಾರ್ನಿಶ್ ಒಂದು ಕೋಟ್. ಬ್ರಶ್ ತುದಿಯಿಂದ ಗೀರುಗಳಿಗೆ ಮಾತ್ರ ಮುಟ್ಟಿಸಿ, ಸುರಿಯಬೇಡಿ.

ಹಳೇಹುಲಿ_ಮೈಸೂರು:
ಆ ಕಡ್ಡಿಯ ಪಕ್ಕ ಒಂದು ತುಂಡು ವಿನೈಲ್ ಇಟ್ಟು ಆರು ತಿಂಗಳು ಬಿಡಿ, ಆಮೇಲೆ ಗೊತ್ತಾಗುತ್ತದೆ.

ಗದಗ_ಗೇರ್:
ಕುಡ್ಲದವರೇ, ಫ್ರಿಜ್ ಕಂಪ್ರೆಸರ್ ಎಷ್ಟಕ್ಕೆ ಸಿಕ್ಕಿತು? ಗುಜರಿಯವನು ಇಲ್ಲಿ ಕೆಜಿ ಲೆಕ್ಕದಲ್ಲಿ ಕೇಳುತ್ತಿದ್ದಾನೆ.

ಕುಡ್ಲ_ಕಿಟ್:
ಬೇರೆ ಥ್ರೆಡ್ ಮಾಡುತ್ತೇನೆ, ಪಾಪಣ್ಣ ಅವರು ಬೈಯುವ ಮೊದಲು.