ಸಹಾಯ ಬೇಕು: ಮೂರನೇ ಹರ್ನಿಯಾ ಕೇಸ್‌ಗೆ ಸೆಟ್ ಸಿಗ್ತಿಲ್ಲ

ಕಾರವಾರದ ಒಂದು ಸಣ್ಣ ಆಸ್ಪತ್ರೆ. ಓಟಿ (ಆಪರೇಷನ್ ಕೋಣೆ) ಒಂದು, ಆಟೋಕ್ಲೇವ್ (ಉಪಕರಣಗಳನ್ನ ಹಬೆಯಲ್ಲಿ ಕ್ರಿಮಿರಹಿತ ಮಾಡೋ ಯಂತ್ರ) ಒಂದು, ಹರ್ನಿಯಾ ಆಪರೇಷನ್ನಿನ ಉಪಕರಣಗಳ ಸೆಟ್ ಎರಡೇ. ದಿನಕ್ಕೆ ಮೂರು ಕೇಸ್.

ಲೀನ್ (ಕೆಲಸದಲ್ಲಿ ವ್ಯರ್ಥ ಕಡಿಮೆ ಮಾಡೋ ವಿಧಾನ) ಪ್ರಕಾರ ವ್ಯಾಲ್ಯೂ ಸ್ಟ್ರೀಮ್ ಮ್ಯಾಪ್, ಅಂದ್ರೆ ಯಾವ ಹಂತಕ್ಕೆ ಎಷ್ಟು ಹೊತ್ತು ಅನ್ನೋ ನಕ್ಷೆ, ಹಾಕಿದ್ವಿ. 5ಎಸ್ (ಸಾಮಾನು ವಿಂಗಡಿಸಿ ಅದರದರ ಜಾಗದಲ್ಲಿಡೋ ಕ್ರಮ) ಮಾಡಿ ಟ್ರಾಲಿ ಓಟಿಯ ಹೊರಗೇ ಜೋಡಿಸಿದ್ಮೇಲೆ ಎರಡು ಕೇಸ್ ನಡುವಿನ ಹೊತ್ತು 25 ನಿಮಿಷಕ್ಕೆ ಇಳೀತು. ಆದ್ರೂ ಮೂರನೇ ರೋಗಿ ಕಾಯೋದು ತಪ್ಪಿಲ್ಲ. ಜೋಯಿಡಾದಿಂದ ಬಂದವರು ರಾತ್ರಿಯಿಂದ ಉಪವಾಸ, ಪಾಪ.

ಸಿಕ್ಕಿಹಾಕ್ಕೊಂಡಿರೋದು ಇಲ್ಲಿ: ಬಳಸಿದ ಸೆಟ್ ತೊಳೆದು, ಒರೆಸಿ, ಪರೀಕ್ಷಿಸಿ, ಪ್ಯಾಕ್ ಮಾಡೋಕೆ 40 ನಿಮಿಷ. ಆಮೇಲೆ ಆಟೋಕ್ಲೇವ್ ಬಿಸಿಯಾಗೋಕೆ 15, 121 ಡಿಗ್ರಿಯಲ್ಲಿ 30, ಒಣಗೋಕೆ 30, ತಣಿಯೋಕೆ ಇನ್ನೊಂದು 30. ಮೊದಲ ಸೆಟ್ ಬಳಸಿ ಮುಗಿದು 10 ಗಂಟೆಗೇ ತೊಳೆಯೋಕೆ ಬರುತ್ತೆ. ಆದ್ರೆ ಆಟೋಕ್ಲೇವ್ ಲೋಡ್ ತುಂಬಲಿ ಅಂತ 11:25ಕ್ಕೆ ಬರೋ ಎರಡನೇದಕ್ಕೆ ಕಾಯ್ತಾರೆ. ಹಾಗಾಗಿ 12:25ಕ್ಕೆ ಸಿಗಬೇಕಾದ್ದು 1:50ಕ್ಕೆ.

ತಣಿಯೋ ಹೊತ್ತು ಕಡಿತ ಮಾಡಿ ನೋಡಿದ್ವಿ. ಈ ಮಳೆಗಾಲದ ತೇವಕ್ಕೆ ಪ್ಯಾಕ್ ಒದ್ದೆ, ಅಂದ್ರೆ ಮತ್ತೆ ಮೊದಲಿಂದ. ಪ್ಯಾಕ್ ಇಲ್ಲದ ಫ್ಲಾಶ್ ಸೈಕಲ್ (ಆಟೋಕ್ಲೇವ್‌ನ ಬೇಗ ಮುಗಿಯೋ ಸುತ್ತು) ತುರ್ತಿಗೆ ಮಾತ್ರ, ದಿನಾ ಬೇಡ.

ಒಂದೇ ಸೆಟ್ ಹಾಕಿ ಆಟೋಕ್ಲೇವ್ ಓಡಿಸೋದಾ, ಇಲ್ಲಾ ಮೂರನೇ ಸೆಟ್ ಕೊಳ್ಳೋದಾ? ಪ್ರತಿ ಲೋಡಿಗೂ ಇಂಡಿಕೇಟರ್ (ಕ್ರಿಮಿನಾಶ ಸರಿಯಾಯ್ತಾ ಅಂತ ತೋರಿಸೋ ಸೂಚಕ), ಕರೆಂಟು, ನೀರಿನ ಖರ್ಚು ಬೇರೆ. ಎರಡರಲ್ಲಿ ಯಾವುದನ್ನ ಮೊದಲು ಮಾಡಿದ್ರಿ, ಲೆಕ್ಕ ಹೇಗೆ ಹಾಕಿದ್ರಿ?