‘ಜೆಂಟ್ರಿಫಿಕೇಷನ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೈಸೂರಿನ ಕೆಲವು ಚಿತ್ರಕಲಾ ವಿದ್ಯಾರ್ಥಿಗಳಿಗಾಗಿ ಒಂದು ಸಣ್ಣ ಪುಸ್ತಿಕೆ ಬರೆಯುತ್ತಿದ್ದೇನೆ. ದುಡ್ಡಿದ್ದವರು ಬಂದು ಹಳೇ ಬೀದಿಯ ಜನ ಜಾಗ ಬಿಡಬೇಕಾಗಿ ಬಂದಾಗ ಕಲಾವಿದರು ಏನು ಮಾಡಿದರು ಅನ್ನೋದು ವಿಷಯ. ಮೊದಲ ಸಾಲಿಗೇ ಸಿಕ್ಕಿಹಾಕಿಕೊಂಡೆ.

ಈ ಮಾತನ್ನು 1964ರಲ್ಲಿ ಬಳಕೆಗೆ ತಂದವರು ರೂತ್ ಗ್ಲಾಸ್ ಎಂಬ ಸಮಾಜಶಾಸ್ತ್ರಜ್ಞೆ. ಲಂಡನ್ನಿನ ಕೆಲಸಗಾರರ ಬೀದಿಗಳಿಗೆ ಅನುಕೂಲಸ್ಥರು ಸೇರಿಕೊಂಡು, ಕೊನೆಗೆ ಮೊದಲಿದ್ದವರೇ ಇಲ್ಲವಾದದ್ದನ್ನು ಹಾಗೆ ಕರೆದರು. ‘ಜೆಂಟ್ರಿ’ ಅಂದರೆ ಜಮೀನುಳ್ಳ ದೊಡ್ಡ ಮನೆತನದವರು. ಹೆಸರಲ್ಲೇ ಒಂದು ಕೊಂಕಿದೆ. ‘ಕುಲೀನೀಕರಣ’ ಅಂದರೆ ಆ ಕೊಂಕು ಹೋಗಿ ಏನೋ ಒಳ್ಳೇದಾದ ಹಾಗೆ ಕೇಳುತ್ತದೆ. ‘ಕುಲ’ ಬಂದು ಕೂರುವ ರಗಳೆ ಬೇರೆ.

ಆಮೇಲೆ ಹೊಳೆದದ್ದು ‘ಒಕ್ಕಲೆಬ್ಬಿಸು’. ಒಳ್ಳೇ ಪದ. ಹೊಸ ಮನೆಗೆ ಹೋಗುವುದು ಮನೆಒಕ್ಕಲು, ಬಿಡಿಸುವುದು ಒಕ್ಕಲೆಬ್ಬಿಸುವುದು. ಆದರೆ ‘ಎಬ್ಬಿಸು’ ಅಂದಮೇಲೆ ಎಬ್ಬಿಸಿದವನೊಬ್ಬ ಇರಬೇಕಲ್ಲ? ನಾವು ಅಗ್ರಹಾರದ ವಠಾರ ಬಿಟ್ಟಾಗ ಯಾರೂ ಬಂದು ಪಾತ್ರೆಪಡಗ ಆಚೆಗೆ ಎಸೆಯಲಿಲ್ಲ. ಪಕ್ಕದ ತೊಟ್ಟಿಮನೆ ಕೆಫೆ ಆಯಿತು, ನಮ್ಮ ಬಾಡಿಗೆ ಏರಿತು, ಅಷ್ಟೇ. ಅಮ್ಮ ಯಾರನ್ನೂ ಬೈಯಲಿಲ್ಲ. “ಏರಿಯಾ ಡೆವಲಪ್ ಆಯ್ತು ಕಣೋ, ಇನ್ನು ನಮಗೆ ಎಟುಕಲ್ಲ” ಅಂದರು. ಜನರ ಬಾಯಲ್ಲಿರೋ ಪದ ಇದೇ ಅಲ್ವಾ? ಆದರೆ ಇದೇ ಪದವನ್ನು ಸೈಟು ಮಾರುವವರೂ ಆಡುತ್ತಾರೆ.

ಕಲಾವಿದರ ಕಥೆಯೂ ಸರಳವಾಗಿಲ್ಲ. ನ್ಯೂಯಾರ್ಕಿನ ಸೋಹೋದಲ್ಲಿ ಖಾಲಿ ಬಿದ್ದ ಕಾರ್ಖಾನೆ ಮಹಡಿಗಳಿಗೆ ಮೊದಲು ಹೋದವರು ಅವರೇ. ಅವರ ಹಿಂದೆ ಗ್ಯಾಲರಿ, ಗ್ಯಾಲರಿ ಹಿಂದೆ ದುಡ್ಡು. ಹ್ಯಾಂಬರ್ಗಿನಲ್ಲಿ ಇದು ತಿರುಗುಮುರುಗು. 2009ರಲ್ಲಿ ಕಲಾವಿದರು ಗೆಂಗೆಫಿಯರ್ಟೆಲ್ ಎಂಬಲ್ಲಿನ ಹಳೇ ಕಟ್ಟಡಗಳೊಳಗೆ ಹೋಗಿ ಕೂತರು. ಹೂಡಿಕೆದಾರರಿಗೆ ಮಾರಿದ್ದನ್ನು ನಗರಾಡಳಿತ ವಾಪಸ್ ಕೊಂಡುಕೊಳ್ಳಬೇಕಾಯಿತು.

ಎರಡನೇ ತೊಡಕು ಬರ್ಲಿನ್ನಿನದು. ಕ್ರಾಯ್ಟ್ಸ್‌ಬರ್ಗ್‌ನಲ್ಲಿ ಬ್ಲೂ ಎಂಬ ಕಲಾವಿದನ ಎರಡು ಭಾರೀ ಗೋಡೆಚಿತ್ರಗಳಿದ್ದವು. ಪಕ್ಕದ ಖಾಲಿ ಜಾಗದಲ್ಲಿ ದುಬಾರಿ ಮನೆ ಕಟ್ಟುವ ಮಾತು ನಡೆದಿತ್ತು. ಆ ಮನೆಗಳಿಗೆ ಈ ಚಿತ್ರ ಶೋಭೆಯಾಗೋದು ಬೇಡ ಎಂದು 2014ರ ಡಿಸೆಂಬರಿನಲ್ಲಿ ಅವನ್ನು ಬರೆಯಲು ನೆರವಾಗಿದ್ದವರೇ ಅವಕ್ಕೆ ಕಪ್ಪು ಬಣ್ಣ ಹೊಡೆದರು, ಬ್ಲೂ ಒಪ್ಪಿಗೆ ಪಡೆದೇ. ನಾನು ‘ಮಸಿ ಬಳಿದರು’ ಎಂದು ಬರೆದೆ. ಓದಿದ ಹುಡುಗಿಯೊಬ್ಬಳು, “ಯಾರಿಗೆ ಸರ್ ಅವಮಾನ ಮಾಡಿದ್ದು?” ಅಂದಳು. ಸರಿಯಾದ ಪ್ರಶ್ನೆ. ‘ಅಳಿಸಿದರು’ ಸಪ್ಪೆ. ‘ಸುಣ್ಣ ಹೊಡೆದರು’ ಅಂದರೆ ಬಣ್ಣವೇ ಉಲ್ಟಾ. ಯೋಚಿಸಿದರೆ, ಚಿತ್ರ ತೋರಿಸಿ ಮನೆ ಮಾರಲು ಹೊರಟವರ ಮುಖಕ್ಕೇ ಬಳಿದಂತಾಯಿತಲ್ಲ! ಅದಕ್ಕೇ ‘ಮಸಿ’ಯನ್ನು ಹಾಗೇ ಬಿಟ್ಟಿದ್ದೇನೆ. ಜಾಸ್ತಿಯಾಯಿತು ಅನ್ನಿಸಿದರೆ ಹೇಳಿ.

ಮೊದಲ ಪದಕ್ಕೆ ಮಾತ್ರ ನಿಮ್ಮ ಸಹಾಯ ಬೇಕು. ಬಾಡಿಗೆ ಏರಿ ತಾನಾಗೇ ಜಾಗ ಬಿಡೋದಕ್ಕೆ ಮಂಡ್ಯದ ಕಡೆ ಯಾವುದಾದರೂ ಮಾತಿದೆಯೇ? ‘ಎಬ್ಬಿಸು’ ಬೇಡ, ‘ಏಳು’ ಇದ್ದರೆ ವಾಸಿ. ಸದ್ಯಕ್ಕೆ ‘ಬೀದಿ ಒಕ್ಕಲೇಳುವುದು’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.